ಎರಡಾಣೆಯ ಉಳಿತಾಯ, ಊರಿನ ದವಾಖಾನೆ

ಸಾಯಂಕಾಲ ದೀಪ ಹಚ್ಚುವ ಹೊತ್ತು. ಹುನಗುಂದದ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತಿದ್ದೀರೆಂದು ಭಾವಿಸಿರಿ. ಒಳಗೆ ರೇಡಿಯೋ ಹಾಡುತ್ತಿದೆ. ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಗೃಹಸ್ಥ ಬಂದು ನಿಲ್ಲುತ್ತಾನೆ. ಅವನು ಏನನ್ನೂ ಕೊಳ್ಳುವುದಿಲ್ಲ, ಏನನ್ನೂ ಕೇಳುವುದಿಲ್ಲ. ಅಂಗಡಿಕಾರನೇ ಗಲ್ಲೆಯಿಂದ ಐವತ್ತೋ ನೂರೋ ರೂಪಾಯಿ ತೆಗೆದು ಅವನ ಕೈಗಿಡುತ್ತಾನೆ. ಅವನು ಚೀಟಿ ಕೊಟ್ಟು ಮುಂದಿನ ಅಂಗಡಿಗೆ ನಡೆಯುತ್ತಾನೆ. ಈತ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಪಿಗ್ಮಿಯವನು.

ಈ ಪಿಗ್ಮಿ ಎಂಬ ಪದ್ಧತಿ ಎಲ್ಲಿ ಹುಟ್ಟಿತು? ಅದನ್ನು ಹುಟ್ಟಿಸಿದವರು ಆಮೇಲೆ ಏನು ಮಾಡಿದರು? ದಿನವೂ ಕಣ್ಣೆದುರಿಗಿರುವ ವಸ್ತುವಿನ ಚರಿತ್ರೆಯನ್ನು ನಾವು ಕೇಳುವುದು ಅಪರೂಪ. ಕೇಳಿದರೆ ಒಂದು ಊರಿನ ಶಾಲೆ, ಕಾಲೇಜು, ದವಾಖಾನೆಗಳವರೆಗೆ ಆ ಕಥೆ ನಮ್ಮನ್ನು ಕರೆದೊಯ್ಯುತ್ತದೆ. ಅದನ್ನೇ ಈ ಲೇಖನದಲ್ಲಿ ನಿಮ್ಮ ಮುಂದೆ ಇಡುತ್ತೇನೆ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಒಂದು ಚಿಕ್ಕ ಬ್ಯಾಂಕನ್ನು ತೆರೆದರು. ಒಬ್ಬರು ವ್ಯಾಪಾರಿ, ಉಪೇಂದ್ರ ಅನಂತ ಪೈ. ಇನ್ನೊಬ್ಬರು ಇಂಜಿನಿಯರು, ವಾಮನ ಕುಡ್ವ. ಮೂರನೆಯವರು ಉಪೇಂದ್ರ ಪೈಗಳ ತಮ್ಮ, ಮದ್ರಾಸಿನಲ್ಲಿ ವೈದ್ಯಶಾಸ್ತ್ರವನ್ನೋದಿ ಬಂದ ಡಾಕ್ಟರು, ತೋನ್ಸೆ ಮಾಧವ ಅನಂತ ಪೈ. ಅವರು ಹೂಡಿದ ಬಂಡವಾಳ 8,000 ರೂಪಾಯಿ. ಬ್ಯಾಂಕಿನ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು.

ಆಗ ಆ ಸೀಮೆಯ ಕೈಮಗ್ಗದ ನೇಕಾರಿಕೆ ಕಷ್ಟಕ್ಕೆ ಸಿಕ್ಕಿತ್ತು. ನೇಕಾರರಿಗೆ ಆಸರೆಯಾಗುವುದೇ ಬ್ಯಾಂಕಿನ ಮೊದಲ ಉದ್ದೇಶವಾಗಿತ್ತು. ಇಳಕಲ್ಲಿನ ಮಗ್ಗಗಳ ಸದ್ದು ಕೇಳುತ್ತ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ನೂಲು, ರೇಷ್ಮೆ, ಬಣ್ಣಗಳಿಗೆ ಹಣವನ್ನು ಇಂದೇ ಕೊಡಬೇಕು. ಸೀರೆ ಮಾರಿ ಹಣ ಕೈಸೇರುವುದು ಎಷ್ಟೋ ದಿನಗಳ ಮೇಲೆ. ಈ ನಡುವಣ ದಿನಗಳನ್ನು ದಾಟಿಸುವ ದೋಣಿಯೇ ಸಾಲ. ದೋಣಿಯವನು ನ್ಯಾಯವಂತನಾದರೆ ನೇಕಾರ ದಡ ಸೇರುತ್ತಾನೆ. ಇಲ್ಲವಾದರೆ ಮಗ್ಗವೇ ಮುಳುಗುತ್ತದೆ.

ಸಾಲ ಕೊಡಬೇಕಾದರೆ ಬ್ಯಾಂಕಿನಲ್ಲಿ ಠೇವಣಿ ಇರಬೇಕು. ಬಡವರು ಠೇವಣಿ ಇಡಲು ಬ್ಯಾಂಕಿಗೆ ಬರುವುದಿಲ್ಲ. ಅವರಲ್ಲಿ ಹಣವಿಲ್ಲವೆಂದಲ್ಲ, ಒಮ್ಮೆಲೇ ದೊಡ್ಡ ಮೊತ್ತ ಇರುವುದಿಲ್ಲ. ದಿನದ ಕೂಲಿಯಲ್ಲಿ ಉಳಿದ ಒಂದೆರಡು ಆಣೆಗಾಗಿ ಕೆಲಸ ಬಿಟ್ಟು ಬ್ಯಾಂಕಿನ ಮೆಟ್ಟಿಲು ಹತ್ತುವವರು ಯಾರು? ಆದುದರಿಂದ 1928ರಲ್ಲಿ ಈ ಬ್ಯಾಂಕು ತಾನೇ ಬಡವನ ಬಾಗಿಲಿಗೆ ಹೋಯಿತು. ಏಜೆಂಟನು ದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ತೆಗೆದುಕೊಳ್ಳತೊಡಗಿದ. ಪಿಗ್ಮಿಯೆಂದರೆ ಕುಳ್ಳ, ಗಿಡ್ಡ ಎಂದರ್ಥ. ಹೆಸರು ಕಾಸಿನ ಅಳತೆಗೆ ತಕ್ಕಂತಿತ್ತು.

ಒಂದು ಲೆಕ್ಕ ಮಾಡಿ ನೋಡೋಣ. ಮಾಸ್ತರನ ಚಟ, ಕ್ಷಮಿಸಬೇಕು. ದಿನಕ್ಕೆ ಎರಡಾಣೆಯಾದರೆ ವರ್ಷಕ್ಕೆ 730 ಆಣೆ. ಹದಿನಾರು ಆಣೆಗೆ ಒಂದು ರೂಪಾಯಿ. ಆಯಿತಲ್ಲ, 45 ರೂಪಾಯಿ 10 ಆಣೆ! ಆ ಕಾಲದ ಕೂಲಿಕಾರನಿಗೆ ಅದು ಒಟ್ಟಾಗಿ ನೋಡದಿದ್ದ ಮೊತ್ತ. ಇನ್ನೂ ಒಂದು ಲಾಭವಿತ್ತು. ದಿನವೂ ಬಾಗಿಲಿಗೆ ಹೋಗುವ ಬ್ಯಾಂಕಿಗೆ ಯಾರು ತಪ್ಪದೆ ಕಟ್ಟುತ್ತಾರೆ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗ ಓದಿನಲ್ಲಿ ಜಾಣ ಎಂಬುದು ತಾನಾಗಿ ತಿಳಿಯುತ್ತದೆ. ಕಾಗದಪತ್ರ ಹೇಳದ ಸಂಗತಿಗಳನ್ನು ಹೊಸ್ತಿಲು ಹೇಳುತ್ತದೆ.

ಈಗ ಶಾಲೆ-ದವಾಖಾನೆಗಳ ಮಾತು. ಉಡುಪಿಯ ಹತ್ತಿರ ಮಣಿಪಾಲವೆಂಬ ಗುಡ್ಡವಿದೆ. ಮಣ್ಣಪಳ್ಳ ಎಂಬ ಕೆರೆಯ ಹೆಸರಿನಿಂದ ಆ ಹೆಸರು ಬಂದಿತು. ಮುರಕಲ್ಲಿನ ಬೋಳುಗುಡ್ಡ ಅದು. ಡಾಕ್ಟರ್ ಪೈಗಳು 1942ರಲ್ಲಿ ಅಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭವಾಯಿತು. ಸರಕಾರದ ಹಣವಿಲ್ಲದೆ, ವಿದ್ಯಾರ್ಥಿಗಳು ಕೊಡುವ ಶುಲ್ಕದ ಬಲದ ಮೇಲೆ ನಡೆದ ಮೆಡಿಕಲ್ ಕಾಲೇಜುಗಳಲ್ಲಿ ದೇಶದಲ್ಲಿ ಇದು ಮೊದಮೊದಲನೆಯದು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1961ರಲ್ಲಿ ಕಸ್ತೂರಬಾ ಆಸ್ಪತ್ರೆ ಬಂದವು.

ಇಲ್ಲಿ ನಮ್ಮ ಕಡೆಯವರು ಅಭಿಮಾನ ಪಡುವ ಒಂದು ಸಂಗತಿಯುಂಟು. 1953ರಲ್ಲಿ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಹುನಗುಂದವನ್ನೊಳಗೊಂಡ ವಿಜಾಪುರ ಜಿಲ್ಲೆಯೂ ಧಾರವಾಡವೂ ಮುಂಬಯಿ ರಾಜ್ಯದಲ್ಲಿದ್ದವು. ಆದರೂ ಮಣಿಪಾಲದ ಮೆಡಿಕಲ್ ಕಾಲೇಜು ಮೊದಲು ಸೇರಿಕೊಂಡದ್ದು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಕನ್ನಡನಾಡು ಒಂದಾಗುವುದಕ್ಕೆ ಇನ್ನೂ ಮೂರು ವರ್ಷವಿರುವಾಗಲೇ ವಿದ್ಯೆಯು ಗಡಿಯನ್ನು ದಾಟಿತ್ತು.

ಇನ್ನೊಂದು ತೊಡಕು ಇತ್ತು. ರೋಗಿಗಳನ್ನು ನೋಡದೆ ವೈದ್ಯ ತಯಾರಾಗುವುದಿಲ್ಲ. ಮಣಿಪಾಲದಲ್ಲಿ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲ. ಪಾಠದ ಮೊದಲ ಭಾಗ ಗುಡ್ಡದ ಮೇಲೆ ನಡೆದರೆ, ರೋಗಿಯ ಮಗ್ಗುಲಲ್ಲಿ ನಿಂತು ಕಲಿಯುವ ಭಾಗ ಮಂಗಳೂರಿನ ವೆನ್ಲಾಕ್ ಮತ್ತು ಲೇಡಿ ಗೋಷನ್ ಸರಕಾರಿ ಆಸ್ಪತ್ರೆಗಳಲ್ಲಿ ನಡೆಯಿತು. ಸರಕಾರಿ ಆಸ್ಪತ್ರೆಗೆ ಹೆಚ್ಚಿನ ವೈದ್ಯರು ದೊರೆತರು, ಕಾಲೇಜಿಗೆ ಕಲಿಯುವ ಸ್ಥಳ ದೊರೆಯಿತು. ಎಲ್ಲವನ್ನೂ ತಾನೇ ಕಟ್ಟಿ ಮುಗಿಸಿದ ಮೇಲೆ ಆರಂಭಿಸುತ್ತೇನೆಂದು ಕುಳಿತಿದ್ದರೆ ಆ ಕಾಲೇಜು ಹುಟ್ಟುತ್ತಿರಲಿಲ್ಲ.

ಇಷ್ಟು ಓದಿದ ಮೇಲೆ ನಿಮಗೊಂದು ಸಂದೇಹ ಬರಬಹುದು. ಹಾಗಾದರೆ ಪಿಗ್ಮಿಯ ದುಡ್ಡಿನಿಂದ ಕಾಲೇಜು ಕಟ್ಟಿದರೇ? ಹಾಗಲ್ಲ, ವಾಚಕರೇ. ಠೇವಣಿಯ ಹಣ ಠೇವಣಿ ಇಟ್ಟವನದು. ಬ್ಯಾಂಕು ಅದಕ್ಕೆ ಕಾವಲುಗಾರ ಮಾತ್ರ. ಕಾವಲುಗಾರ ದಾನ ಮಾಡಲು ಹೊರಟರೆ ಅದು ದಾನವಲ್ಲ. ಆದುದರಿಂದಲೇ ಶಿಕ್ಷಣಕ್ಕೆ ಬೇರೆ ಸಂಸ್ಥೆ, ಬೇರೆ ಲೆಕ್ಕ. ಬ್ಯಾಂಕಿನಿಂದ ಈ ಕಾರ್ಯಕ್ಕೆ ಬಂದದ್ದು ಹಣಕ್ಕಿಂತ ಹಿರಿದಾದ ಮೂರು ವಸ್ತುಗಳು: ಜನರ ನಂಬಿಕೆ, ಲೆಕ್ಕವಿಡುವ ಶಿಸ್ತು, ಊರಿನ ಕೊರತೆ ಏನೆಂಬ ತಿಳಿವಳಿಕೆ. ಈ ಮೂರೂ ಇದ್ದವನು ಕೈನೀಡಿದರೆ ಜನ ಕೊಡುತ್ತಾರೆ. ಇಲ್ಲದವನು ಪಾವತಿ ಪುಸ್ತಕ ಹಿಡಿದು ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತಾರೆ.

ಪೈಗಳು ಈ ದಾರಿಯಲ್ಲಿ ಮೊದಲಿಗರಲ್ಲ. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಸ್ಥಾಪಿಸಿದರು. ಇಂದಿನ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಅವರು ತೆರೆದದ್ದು 1906ರಲ್ಲಿ. ಗಮನಿಸಿರಿ, ಅಲ್ಲಿ ಶಾಲೆ ಮೊದಲು, ಬ್ಯಾಂಕು ಅನಂತರ. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದ ಸಂಸ್ಥೆಯನ್ನು 5,000 ರೂಪಾಯಿಯ ಬಂಡವಾಳದಿಂದ ಆರಂಭಿಸಿದರು. ಉಡುಪಿಯ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆಗೆ ನೆಲ ಕೊಟ್ಟವರೂ ಅವರೇ.

ಬೆಳಕಿನ ಜೊತೆಗೆ ನೆರಳನ್ನೂ ಹೇಳದಿದ್ದರೆ ಲೇಖನ ಭಟ್ಟಂಗಿತನವಾದೀತು. ಶುಲ್ಕದಿಂದ ನಡೆಯುವ ಕಾಲೇಜು ಶುಲ್ಕ ಕೊಡಬಲ್ಲವರಿಗೇ ಬಾಗಿಲು ತೆರೆಯುತ್ತದೆಯೇ ಎಂಬ ಪ್ರಶ್ನೆ ಬೇಗನೆ ಎದ್ದಿತು. ನಾಡಿನ ತುಂಬ ಇಂಥ ಕಾಲೇಜುಗಳು ಹೆಚ್ಚಿದಂತೆ ತಲೆವರಿ ಹಣ, ಅಂದರೆ ಕ್ಯಾಪಿಟೇಶನ್ ಎಂಬ ಮಾತು ಮನೆಮನೆಗೆ ಬಂದಿತು. 1984ರಲ್ಲಿ ಕರ್ನಾಟಕ ಸರಕಾರ ಅದನ್ನು ನಿಷೇಧಿಸಿ ಕಾಯಿದೆ ಮಾಡಿತು. 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರು ಕೂಡಿ ಕೊಟ್ಟ ತೀರ್ಪು ಪೈಗಳ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯಲ್ಲಿಯೇ ಬಂದಿತು. ಖಾಸಗಿ ಸಂಸ್ಥೆಗಳು ನಡೆಸುವ ವೆಚ್ಚಕ್ಕೂ ಬೆಳವಣಿಗೆಗೂ ತಕ್ಕ ಶುಲ್ಕ ತೆಗೆದುಕೊಳ್ಳಬಹುದು; ವಿದ್ಯೆಯನ್ನು ಲಾಭಕೋರತನಕ್ಕೆ ಬಳಸಕೂಡದು, ತಲೆವರಿ ಹಣ ಕೂಡದು. ಅದರ ಸಾರ ಇದು. ಎರಡಾಣೆಯವನನ್ನು ಹುಡುಕಿಕೊಂಡು ಹೋದ ಪರಂಪರೆಗೆ ಅವನ ಮಗ ಬಾಗಿಲ ಹೊರಗೆ ನಿಂತಿದ್ದಾನೆಯೇ ಎಂದು ಕೇಳುವುದು ಅನ್ಯಾಯವಲ್ಲ. ಕೇಳುತ್ತಲೇ ಇರಬೇಕು.

ಬ್ಯಾಂಕಿನ ಗತಿ ಏನಾಯಿತು? 1969ರ ಜುಲೈ 19ರಂದು ಬೇರೆ ಹದಿಮೂರು ಬ್ಯಾಂಕುಗಳೊಡನೆ ಸಿಂಡಿಕೇಟ್ ಬ್ಯಾಂಕೂ ರಾಷ್ಟ್ರೀಕರಣವಾಯಿತು. ಡಾಕ್ಟರ್ ಪೈಗಳು 1979ರಲ್ಲಿ ತೀರಿಕೊಂಡರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಆ ಹೆಸರಿನ ಫಲಕಗಳನ್ನು ಇಳಿಸಿ ಆಯಿತು. ಆದರೆ ಮಣಿಪಾಲದ ಕಾಲೇಜು ಇದೆ, ಆಸ್ಪತ್ರೆ ಇದೆ. ಏಕೆ? ಅವು ಬ್ಯಾಂಕಿನ ಒಂದು ಇಲಾಖೆಯಾಗಿರದೆ ಸ್ವಂತ ಕಾಲಿನ ಮೇಲೆ ನಿಂತಿದ್ದವು. ಮರ ಹೋದರೂ ಬೀಜ ಬೇರೆ ನೆಲದಲ್ಲಿ ಬೇರುಬಿಟ್ಟಿತ್ತು.

ಈ ಕಥೆಯಿಂದ ನಮಗೇನು? ಸಂಪತ್ತು ಊರಿಗೆ ಸಲ್ಲಬೇಕೆಂಬ ಭಾವನೆ ಕರಾವಳಿಯಿಂದ ಕಡ ತರಬೇಕಾದದ್ದಲ್ಲ. ನಮ್ಮ ಸೀಮೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣಾಪಥವೆಲ್ಲ ವ್ಯಾಪಾರ ಮಾಡಿದ ವರ್ತಕ ಸಂಘದವರು. ಸುಮಾತ್ರಾ ದ್ವೀಪದಲ್ಲಿ ಸಿಕ್ಕಿದ 1088ರ ತಮಿಳು ಶಾಸನದಲ್ಲಿಯೂ ಅವರ ಹೆಸರಿದೆ. ಗಳಿಸಿದ್ದರಲ್ಲಿ ದೇವಾಲಯಗಳಿಗೆ ದತ್ತಿ ಬಿಟ್ಟು ಕಲ್ಲಿನಲ್ಲಿ ಬರೆಸಿದರು. ಕೂಡಲಸಂಗಮವೂ ನಮ್ಮ ಮಗ್ಗುಲಲ್ಲೇ ಇದೆ. ದುಡಿದು ಗಳಿಸಿದ್ದನ್ನು ಸಮಾಜಕ್ಕೆ ಸಲ್ಲಿಸುವುದಕ್ಕೆ ಶರಣರು ಇಟ್ಟ ಹೆಸರು ಕಾಯಕ-ದಾಸೋಹ. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ್ದು ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಮರುವರ್ಷವೇ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ತಲೆಯೆತ್ತಿತು.

ಇಂದು ದೊಡ್ಡ ಬ್ಯಾಂಕುಗಳ ಯಜಮಾನಿಕೆ ದೂರದ ಪಟ್ಟಣಗಳಲ್ಲಿದೆ. ಶಾಖೆಯ ಮ್ಯಾನೇಜರು ನಮ್ಮ ಊರಿನ ಬಿಸಿಲಿಗೆ ಒಗ್ಗುವಷ್ಟರಲ್ಲಿ ವರ್ಗವಾಗಿ ಹೋಗುತ್ತಾರೆ. ತಪ್ಪು ಅವರದಲ್ಲ. ಆದರೆ ಪತ್ತಿನ ಸಹಕಾರಿ ಸಂಘಗಳ ಆಡಳಿತ ನಮ್ಮವರ ಕೈಯಲ್ಲಿಯೇ ಇದೆ. ಅವುಗಳ ವಾರ್ಷಿಕ ಸಭೆಗೆ ನೀವೂ ಸದಸ್ಯರು. ಈ ಸಲ ಸಭೆಗೆ ಹೋದಾಗ ಲಾಭಾಂಶ ಎಷ್ಟೆಂದು ಕೇಳುವುದರ ಜೊತೆಗೆ ಇನ್ನೆರಡು ಮಾತು ಕೇಳಿರಿ. ನಮ್ಮ ಠೇವಣಿ ಭದ್ರವಾಗಿದೆಯೇ? ಇದು ಮೊದಲನೆಯದು. ನಿಮ್ಮ ಲಾಭದಲ್ಲಿ ಊರಿನ ಶಾಲೆಗೆ, ದವಾಖಾನೆಗೆ ಏನು ಸಲ್ಲುತ್ತದೆ, ಅದರ ಲೆಕ್ಕವೆಲ್ಲಿ? ಇದು ಎರಡನೆಯದು. ಕ್ರಮ ತಪ್ಪಿಸಬೇಡಿರಿ. ಮೊದಲನೆಯದಕ್ಕೆ ಉತ್ತರವಿಲ್ಲದವರ ದಾನವನ್ನು ಹೊಗಳಬಾರದು.

ಕೆಲವು ವರ್ಷಗಳ ಹಿಂದೆ ನನ್ನ ಶಾಲೆಯ ಒಬ್ಬ ಹುಡುಗಿ ಹತ್ತನೆಯ ಇಯತ್ತೆ ಮುಗಿಸಿದ ಮೇಲೆ ಮುಂದೆ ಓದುವಳೋ ಇಲ್ಲವೋ ಎಂಬ ಪ್ರಶ್ನೆ ಬಂದಿತು. ತಾಯಿ ರೊಟ್ಟಿ ಬಡಿದು ಮಾರುವವಳು. ಆಕೆ ಸೆರಗಿನಲ್ಲಿ ಸುತ್ತಿಕೊಂಡು ಬಂದ ಪಿಗ್ಮಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, “ಮಾಸ್ತರ್‍ರ, ಇದರಾಗ ಎಷ್ಟ ಆಗೇತಿ ನೋಡ್ರಿ. ಅಕಿನ ಓದಿಗೆ ಸಾಲತೈತೇನ್ರಿ?” ಎಂದು ಕೇಳಿದಳು. ನಾನು ಕೂಡಿಸಿ ನೋಡಿದೆ. ಮೊದಲ ವರ್ಷಕ್ಕೆ ಸಾಲುತ್ತಿತ್ತು; ಎರಡನೆಯ ವರ್ಷಕ್ಕೆ ಸಾಲುತ್ತಿರಲಿಲ್ಲ.

ತಾಯಿಯ ಉಳಿತಾಯ ಒಂದು ವರ್ಷದ ದಾರಿಯನ್ನು ಸವೆಸುತ್ತದೆ. ಉಳಿದ ದಾರಿಯನ್ನು ಊರು ಸವೆಸಬೇಕು. ಆ ಹುಡುಗಿಯ ಎರಡನೆಯ ವರ್ಷದ ಹಣವನ್ನು ನಾವು ನಾಲ್ಕಾರು ಮಂದಿ ಕೂಡಿಸಿದೆವು. ಅವಳು ಈಗ ನರ್ಸ್ ಆಗಿದ್ದಾಳೆ. ಆದರೆ ನಾಲ್ಕಾರು ಮಂದಿಯ ಕನಿಕರ ಒಬ್ಬಳಿಗೆ ಸಾಕು, ಊರಿಗೆ ಸಾಲದು. ಊರಿಗೆ ಸಂಸ್ಥೆಯೇ ಬೇಕು. ಇಂದು ಸಂಜೆ ಪಿಗ್ಮಿಯವನು ನಿಮ್ಮ ಬಾಗಿಲಿಗೆ ಬಂದಾಗ ಈ ಮಾತನ್ನು ಒಮ್ಮೆ ನೆನೆಯಿರಿ.