ಬೈಕ್ ರಿಕಾಲ್: ಕಂಪನಿಯ ಕರೆಗೆ ಕಾಯುತ್ತಾ ಕೂರಬೇಡಿ

ಕಂಪನಿಯೊಂದು ಸಾವಿರಾರು ಬೈಕ್‌ಗಳನ್ನು ವಾಪಸ್ ಕರೆಸಿಕೊಂಡಿದೆ ಎಂಬ ಸುದ್ದಿ ಓದಿದೊಡನೆ ಕೆಲವರು ಗಾಬರಿಗೊಳ್ಳುತ್ತಾರೆ. ಇನ್ನು ಕೆಲವರು 'ನಮ್ಮ ಬೈಕ್ ಚೆನ್ನಾಗಿಯೇ ಓಡುತ್ತಿದೆಯಲ್ಲ' ಎಂದು ಸುಮ್ಮನಾಗುತ್ತಾರೆ. ಎರಡೂ ಸರಿಯಲ್ಲ. ರಿಕಾಲ್ ಎಂದರೆ ಬೈಕನ್ನು ಕಿತ್ತುಕೊಳ್ಳುವುದಲ್ಲ. ತಯಾರಿಕೆಯ ಹಂತದಲ್ಲಿಯೇ ಉಳಿದುಹೋದ ದೋಷವನ್ನು ಕಂಪನಿಯು ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡುವ ಕ್ರಮ.

2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆಯು ಮೀಟಿಯರ್, ಕ್ಲಾಸಿಕ್ ಮತ್ತು ಬುಲೆಟ್ 350 ಮಾದರಿಗಳ 2,36,966 ಬೈಕ್‌ಗಳ ತಪಾಸಣೆಗೆ ಮುಂದಾಯಿತು. ದೋಷವಿದ್ದುದು ಇಗ್ನಿಷನ್ ಕಾಯಿಲ್‌ನಲ್ಲಿ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಸಾವಿರಾರು ವೋಲ್ಟ್‌ಗೆ ಏರಿಸಿ ಸ್ಪಾರ್ಕ್ ಪ್ಲಗ್‌ಗೆ ಒದಗಿಸುವ ಭಾಗವಿದು. ಇದು ಕೆಟ್ಟರೆ ಎಂಜಿನ್ ಮಿಸ್‌ಫೈರ್ ಆಗಬಹುದು, ಎಳೆತ ಕುಗ್ಗಬಹುದು, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್ ಸಹ ಆಗಬಹುದು. ಶೇ 10ಕ್ಕಿಂತ ಕಡಿಮೆ ಬೈಕ್‌ಗಳಲ್ಲಿ ಮಾತ್ರ ಭಾಗ ಬದಲಿಸಬೇಕಾದೀತು ಎಂಬುದು ಕಂಪನಿಯ ಅಂದಾಜಾಗಿತ್ತು. ಆದರೆ ಆ ಪಾಲಿನಲ್ಲಿ ತನ್ನ ಬೈಕ್ ಇದೆಯೇ ಎಂಬುದು ಪರೀಕ್ಷಿಸದೆ ಸವಾರನಿಗೆ ತಿಳಿಯದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಇದೇ ಸಂಸ್ಥೆ 26,300 ಕ್ಲಾಸಿಕ್ 350 ಬೈಕ್‌ಗಳನ್ನು ಕರೆಸಿಕೊಂಡಿತು. ಹಿಂಬದಿ ಬ್ರೇಕನ್ನು ಅತಿ ಬಲವಾಗಿ ಒತ್ತಿದಾಗ ಸ್ವಿಂಗ್ ಆರ್ಮ್‌ಗೆ ಜೋಡಿಸಿದ ಬ್ರ್ಯಾಕೆಟ್ ಮುರಿಯುವ ಸಂಭವವಿತ್ತು. ಇಂಥ ದೋಷ ದಿನನಿತ್ಯದ ಸವಾರಿಯಲ್ಲಿ ಕಾಣಿಸಿಕೊಳ್ಳದು. ತುರ್ತಾಗಿ ಬ್ರೇಕ್ ಹಾಕಬೇಕಾದ ಕ್ಷಣದಲ್ಲಿಯೇ ಕೈಕೊಟ್ಟೀತು. ಆದ್ದರಿಂದ ಚೆನ್ನಾಗಿ ಓಡುತ್ತಿರುವುದು ಸುರಕ್ಷತೆಗೆ ಪುರಾವೆಯಲ್ಲ.

ಕಾನೂನು ಏನೆನ್ನುತ್ತದೆ?

ಭಾರತದಲ್ಲಿ ವಾಹನ ತಯಾರಕರ ಸಂಘವು 2012ರಲ್ಲಿ ಸ್ವಯಂಪ್ರೇರಿತ ರಿಕಾಲ್ ಸಂಹಿತೆಯನ್ನು ಜಾರಿಗೆ ತಂದಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಮು ಕಡ್ಡಾಯ ರಿಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಏಳು ವರ್ಷ ಮೀರದ ವಾಹನಗಳಿಗೆ ಅನ್ವಯಿಸುತ್ತವೆ. ದೋಷದ ಬಗ್ಗೆ ವಾಹನ ಮಾಲೀಕರು ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ನೀವು ಮಾಡಬೇಕಾದುದು

ರಿಕಾಲ್ ಸೂಚನೆ ಹೋಗುವುದು ಕಂಪನಿ ಅಥವಾ ಡೀಲರ್ ಬಳಿಯಿರುವ ವಿಳಾಸಕ್ಕೆ, ಮೊಬೈಲ್ ಸಂಖ್ಯೆಗೆ. ಮನೆ ಬದಲಿಸಿದವರಿಗೆ, ನಂಬರ್ ಬದಲಿಸಿದವರಿಗೆ, ಮುಖ್ಯವಾಗಿ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವರಿಗೆ ಅದು ತಲುಪದೇ ಹೋಗಬಹುದು. ಆದಕಾರಣ ನೀವೇ ವಿಚಾರಿಸುವುದು ಲೇಸು.

ಆರ್‌ಸಿಯಲ್ಲಿರುವ 17 ಅಂಕಿ-ಅಕ್ಷರಗಳ ಚಾಸಿಸ್ ಸಂಖ್ಯೆಯನ್ನು ಬರೆದುಕೊಳ್ಳಿ. ಅದನ್ನು ಕಂಪನಿಯ ಗ್ರಾಹಕ ಸೇವಾ ಕೇಂದ್ರಕ್ಕೆ ಅಥವಾ ಅಧಿಕೃತ ಸರ್ವೀಸ್ ಸೆಂಟರ್‌ಗೆ ನೀಡಿ, ಬಾಕಿ ಉಳಿದ ರಿಕಾಲ್ ಇದೆಯೇ ಎಂದು ಕೇಳಿ. ಇದ್ದರೆ ದುರಸ್ತಿಗೆ ದಿನ ಗೊತ್ತುಪಡಿಸಿಕೊಳ್ಳಿ. ಅಲ್ಲಿಯವರೆಗೆ ಬೈಕ್ ಓಡಿಸುವುದು ಸುರಕ್ಷಿತವೇ ಎಂಬುದನ್ನೂ ಕೇಳಿ ತಿಳಿಯಿರಿ. ಯಾವ ಭಾಗವನ್ನು ಪರೀಕ್ಷಿಸಲಾಯಿತು, ಯಾವುದನ್ನು ಬದಲಿಸಲಾಯಿತು ಎಂಬುದನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಂಡು ಜೋಪಾನವಾಗಿಡಿ. ಮುಂದೆ ಬೈಕ್ ಮಾರುವಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ರಿಕಾಲ್ ದುರಸ್ತಿಗೆ ಹಣ ಕೇಳಿದರೆ ಅಥವಾ ಸತಾಯಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊನೆಯ ದಾರಿ ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ದೋಷ ಕಂಪನಿಯದೇ ಇರಬಹುದು, ಆದರೆ ರಸ್ತೆಯಲ್ಲಿ ಬೀಳುವವರು ನಾವು. ಚಾಸಿಸ್ ಸಂಖ್ಯೆ ಹಿಡಿದು ಒಮ್ಮೆ ವಿಚಾರಿಸಲು ಹೆಚ್ಚು ಹೊತ್ತು ಬೇಕಿಲ್ಲ.