ಒಂದು ಕ್ವಿಂಟಲ್ ತೊಗರಿಯಿಂದ ಎಷ್ಟು ಬೇಳೆ?

ನಿಮ್ಮ ಮನೆಯ ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ ನೋಡಿ. ಕೆಲವು ಬೇಳೆಗಳ ಅಂಚು ಸವೆದಿರುತ್ತದೆ. ಹಾಗೆ ಸವೆದುಹೋದ ಭಾಗ ಎಲ್ಲಿಗೆ ಹೋಯಿತು? ಈ ಪುಟ್ಟ ಪ್ರಶ್ನೆಗೂ ಒಂದು ಪ್ರದೇಶದ ಬಡತನಕ್ಕೂ ಸಂಬಂಧವಿದೆ.

ಕಲಬುರಗಿ ಜಿಲ್ಲೆ ತೊಗರಿಯ ಕಣಜವೆಂದು ಹೆಸರಾಗಿದೆ. ಆದರೂ 2002ರಲ್ಲಿ ವರದಿ ನೀಡಿದ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು. ಬೆಳೆ ಇದ್ದ ಮಾತ್ರಕ್ಕೆ ಸಂಪತ್ತು ಉಳಿಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ತೊಗರಿಕಾಳಿನ ತೂಕದಲ್ಲಿ ಸುಮಾರು ಶೇ. 85ರಷ್ಟು ಬೀಜದಳ, ಉಳಿದದ್ದು ಬಹುಪಾಲು ಸಿಪ್ಪೆ. ಇವೆರಡರ ನಡುವೆ ಗೋಂದಿನಂತಹ ಪದರವಿದೆ. ಹಳೆಯ ವಿಧಾನದಲ್ಲಿ ಕಾಳಿಗೆ ಎಣ್ಣೆ ಸವರಿ, ಹಲವು ದಿನ ಬಿಸಿಲಿಗೆ ಹರಡಿ ಈ ಅಂಟನ್ನು ಸಡಿಲಿಸುತ್ತಾರೆ. ಅಂಟು ಪೂರ್ತಿ ಬಿಡದಿದ್ದರೆ ರೋಲರ್‌ನಲ್ಲಿ ಮತ್ತೆ ಮತ್ತೆ ಉಜ್ಜಬೇಕು. ಆಗ ಬೇಳೆಯೂ ಸವೆದು ನುಚ್ಚು, ಪುಡಿಯಾಗಿ ದನದ ಮೇವಿಗೆ ಸೇರುತ್ತದೆ. ಕ್ವಿಂಟಲ್‌ಗೆ ದೊರೆಯುವ ಬೇಳೆ ಸುಮಾರು 70 ಕಿಲೋ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ರೂಪಿಸಿದ ವಿಧಾನದಲ್ಲಿ ಕಾಳನ್ನು ಬಿಸಿಗಾಳಿಯಿಂದ ಕಾಯಿಸಿ, ಕೆಲಕಾಲ ಹಾಗೆಯೇ ಇಡಲಾಗುತ್ತದೆ. ಇದಕ್ಕೆ ಬಿಸಿಲು ಬೇಕಿಲ್ಲ, ಮಳೆಗಾಲದಲ್ಲೂ ಕೆಲಸ ನಿಲ್ಲದು, ನಷ್ಟವೂ ಕಡಿಮೆ. ಕ್ವಿಂಟಲ್‌ಗೆ 8 ಕಿಲೋ ಉಳಿಸಿದರೂ 100 ಕ್ವಿಂಟಲ್‌ಗೆ 8 ಕ್ವಿಂಟಲ್ ಹೆಚ್ಚು ಬೇಳೆ. ಅದೂ ಒಂದು ಗುಂಟೆ ಹೊಲ ಹೆಚ್ಚಿಸದೆ!

ಇದು ಉದ್ಯಮದ ಉನ್ನತೀಕರಣ. ಆದರೆ ಈ 8 ಕ್ವಿಂಟಲ್‌ನ ಲಾಭ ಯಾರಿಗೆ? ಮಳೆಯಾಶ್ರಿತ ರೈತ ಸಾಲ ತೀರಿಸಲು ಸುಗ್ಗಿಯಲ್ಲೇ ಕಾಳು ಮಾರಿಬಿಟ್ಟರೆ, ಲಾಭ ಗಿರಣಿಯ ಬಾಗಿಲು ದಾಟಿ ಹೊಲಕ್ಕೆ ಬರುವುದಿಲ್ಲ. ಕಾಳು ಒಣಹಾಕುತ್ತಿದ್ದವರ ಕೂಲಿಯೂ ತಪ್ಪಬಹುದು. ಆದ್ದರಿಂದ ಯಂತ್ರದ ಜೊತೆಗೆ ಜೋಡಣೆ ಬೇಕು: ಕಾಳು ಕಾದಿಡಲು ಉಗ್ರಾಣ, ಅದರ ಆಧಾರದ ಮೇಲೆ ಸಾಲ, ರೈತರ ಪಾಲುದಾರಿಕೆಯ ಸಣ್ಣ ಗಿರಣಿ, ಯಂತ್ರ ದುರಸ್ತಿ ಬಲ್ಲ ಸ್ಥಳೀಯ ಯುವಕ ಯುವತಿಯರು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ದೊರೆತಿದೆ. ಹೆಸರಿನ ಬೆಲೆ ಬೆಳೆದವರಿಗೆ ಮುಟ್ಟುವುದೂ ಇಂತಹ ಜೋಡಣೆ ಇದ್ದಾಗಲೇ.

ತರಗತಿಯಲ್ಲಿ ಹೀಗೆ ಮಾಡಿ: 100 ಗ್ರಾಂ ತೊಗರಿಯನ್ನು ರಾತ್ರಿ ನೆನೆಸಿ, ಸಿಪ್ಪೆ ಬಿಡಿಸಿ, ಬೇಳೆ ಮತ್ತು ಸಿಪ್ಪೆಯನ್ನು ಬೇರೆಬೇರೆಯಾಗಿ ಚೆನ್ನಾಗಿ ಒಣಗಿಸಿ ತೂಗಿ. ನಿಮಗೆ ದೊರೆತ ಬೇಳೆಯ ತೂಕವನ್ನು 70ರೊಂದಿಗೆ ಹೋಲಿಸಿ. ಬಳಿಕ ಕಾಳಿನ ಬೆಲೆ, ಬೇಳೆಯ ಬೆಲೆ ಎರಡನ್ನೂ ಪೇಟೆಯಲ್ಲಿ ವಿಚಾರಿಸಿ, ನಡುವಿನ ವ್ಯತ್ಯಾಸ ಯಾರ ಯಾರ ಕೈಸೇರುತ್ತದೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.