ಸಂಘದ ಸ್ಲೈಡಿನಲ್ಲಿ ಚಿತ್ರ ಹೇಗಿರಬೇಕು?



ಮೊದಲೆಲ್ಲ ಸಂಘದ ಲೆಕ್ಕವನ್ನು ಚಾರ್ಟ್ ಶೀಟಿನಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಗೋಡೆಗೆ ಅಂಟಿಸುತ್ತಿದ್ದೆವು. ಈಗ ಒಕ್ಕೂಟದ ಮಹಾಸಭೆಗಾಗಲಿ, ಸಾಲ ಕೇಳಲು ಬ್ಯಾಂಕಿನವರ ಮುಂದೆ ಹೋಗುವಾಗಲಾಗಲಿ ‘ಪವರ್‌ಪಾಯಿಂಟ್ ಮಾಡಿ ತನ್ನಿ’ ಎನ್ನುತ್ತಾರೆ. ಆಗ ಏನಾಗ್ತದೆ? ಮಣಿಪಾಲದಲ್ಲಿ ಕಲಿಯುವ ಮಗನೋ ಅಣ್ಣನ ಮಗಳೋ ರಾತ್ರಿ ಕೂತು ಮಾಡಿ ಕೊಡ್ತಾರೆ. ಸ್ಲೈಡ್ ತುಂಬ ಅಕ್ಷರ, ಅದೂ ಹಾರಿಕೊಂಡು ಬರುವ ಅಕ್ಷರ. ಮಾರನೆಯ ದಿನ ಅಧ್ಯಕ್ಷೆ ಪರದೆಗೆ ಮುಖ ಮಾಡಿ ಅದನ್ನೇ ಓದುತ್ತಾರೆ. ಓದಲು ಬಾರದ ಸದಸ್ಯೆಯರು ಸುಮ್ಮನೆ ಕೂರುತ್ತಾರೆ. ಅವರ ಉಳಿತಾಯದ ಹಣವೂ ಅದರಲ್ಲಿ ಉಂಟಲ್ಲವೇ? ಆದ್ದರಿಂದ ನಾವು ಕೇಳುವುದು ಇಷ್ಟೇ: ಓದಲು ಬಾರದ ಅಕ್ಕನೂ ಎದ್ದು ನಿಂತು ವಿವರಿಸುವಂತೆ ಸ್ಲೈಡಿನ ಚಿತ್ರ ಇರಬೇಕು.

ಶಂಕರಪುರದ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಕಾಪು ಕಡೆಯ ಹೆಂಗಸರಿಗೆ ಅಟ್ಟೆ ಎಂದರೆ ಬಿಡಿಸಿ ಹೇಳಬೇಕಿಲ್ಲ. ಆದರೆ ಹೊರಗಿನಿಂದ ವರ್ಗವಾಗಿ ಬಂದ ಮ್ಯಾನೇಜರರಿಗೆ ‘ದಿನಕ್ಕೆ ಒಂದು ಅಟ್ಟೆ’ ಎಂದು ಬರೆದರೆ ಏನು ಗೊತ್ತಾಗಬೇಕು? ಒಂದು ಚೆಂಡಿನ ಫೋಟೋ ಹಾಕಿ, ಕೆಳಗೆ ‘800 ಹೂ’ ಎಂದು ಬರೆಯಿರಿ. ಮುಂದಿನ ಸ್ಲೈಡಿನಲ್ಲಿ ಅಂಥದೇ ನಾಲ್ಕು ಚೆಂಡು ಸಾಲಾಗಿಟ್ಟು ‘ಒಂದು ಅಟ್ಟೆ’ ಎನ್ನಿ. 3,200 ಹೂ ಕೊಯ್ದು ಕಟ್ಟುವ ಕೆಲಸ ಎಷ್ಟೆಂದು ಮತ್ತೆ ಹೇಳ್ಲಿಕ್ಕಿಲ್ಲ. ಹೂವಿನ ಅಂಚು, ಕುಣಿಯುವ ಬಾಣ, ಮೂಲೆಯಲ್ಲೊಂದು ದೀಪ, ಇವೆಲ್ಲ ಬೇಡ.

ಫೋಟೋ ದೊಡ್ಡದು ಮಾಡುವಾಗ ಮೂಲೆಯ ಚುಕ್ಕಿ ಹಿಡಿದು ಎಳೆಯಿರಿ. ಬದಿಯ ಚುಕ್ಕಿ ಎಳೆದರೆ ಅಧ್ಯಕ್ಷೆಯ ಮುಖ ಕುಂಬಳಕಾಯಿ ಆಗ್ತದೆ! ಹಿನ್ನೆಲೆಯನ್ನೂ ನೋಡಿಕೊಳ್ಳಿ. ಕಾರ್ಕಳ ಕಡೆಯವರು ಸುಲಿದ ಗೇರುಬೀಜವನ್ನು ಬಿಳಿ ತಟ್ಟೆಯಲ್ಲಿಟ್ಟರೆ ಕಾಣುವುದಿಲ್ಲ, ಕಡು ಬಣ್ಣದ ಬಟ್ಟೆಯ ಮೇಲಿಡಿ. ತಿಳಿಹಸಿರು ಮಟ್ಟುಗುಳ್ಳ ಬಾಳೆಲೆಯ ಮೇಲೆ ಮರೆಯಾಗ್ತದೆ.

ಲೆಕ್ಕಕ್ಕೆ ಕಂಬಗಳ ಚಿತ್ರ ಒಳ್ಳೆಯದು, ಆದರೆ ಅಲ್ಲೊಂದು ಮೋಸ ಉಂಟು. ಉಳಿತಾಯ ಕಳೆದ ವರ್ಷ 48,000, ಈ ವರ್ಷ 52,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕಂಬದ ಬುಡ 46,000ದಿಂದ ಶುರುವಾದರೆ ಎರಡನೆಯ ಕಂಬ ಮೊದಲನೆಯದರ ಮೂರು ಪಟ್ಟು ಎತ್ತರ ಕಾಣುತ್ತದೆ. ಕಂಪ್ಯೂಟರ್ ಕೆಲವೊಮ್ಮೆ ತಾನಾಗಿಯೇ ಹೀಗೆ ಮಾಡಿಬಿಡ್ತದೆ. ಸದಸ್ಯೆಯರು ಹಣ ಮೂರು ಪಟ್ಟಾಯಿತೆಂದು ತಿಳಿಯುತ್ತಾರೆ, ಬ್ಯಾಂಕಿನವರು ನಮ್ಮನ್ನು ಅನುಮಾನಿಸುತ್ತಾರೆ. ಎಡಬದಿಯ ಅಂಕಿಗಳ ಮೇಲೆ ಎರಡು ಸಲ ಒತ್ತಿ, ‘ಮಿನಿಮಮ್’ ಎಂಬಲ್ಲಿ 0 ಹಾಕಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಪಾಸ್‌ಬುಕ್ಕಿನ ಫೋಟೋ ಹಾಕಿ, ಖಾತೆ ನಂಬರ್ ಇರುವ ಭಾಗವನ್ನು ಕ್ರಾಪ್ ಮಾಡಿದರೆ ಸಾಕು ಅಂತ ಹಲವರು ತಿಳಿದಿದ್ದಾರೆ. ಸಾಲದು. ಪವರ್‌ಪಾಯಿಂಟಿನಲ್ಲಿ ಕ್ರಾಪ್ ಮಾಡಿದ ಭಾಗ ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ, ಫೈಲಿನೊಳಗೆ ಹಾಗೆಯೇ ಇರುತ್ತದೆ. ವಾಟ್ಸಾಪಿನಲ್ಲಿ ಆ ಫೈಲ್ ಪಡೆದವರು ಕ್ರಾಪ್ ಬಿಚ್ಚಿ ಪೂರ್ತಿ ಚಿತ್ರ ನೋಡಬಹುದು. ನಂಬರಿನ ಮೇಲೆ ಕಪ್ಪು ಚೌಕ ಇಟ್ಟರೂ ಅದನ್ನು ಬದಿಗೆ ಸರಿಸಿದರೆ ಆಯ್ತು. ‘ಕಂಪ್ರೆಸ್ ಪಿಕ್ಚರ್ಸ್’ ಒತ್ತಿ, ಕ್ರಾಪ್ ಮಾಡಿದ ಭಾಗ ಅಳಿಸುವ ಸಾಲಿಗೆ ಗುರುತು ಹಾಕಿ, ಫೈಲನ್ನು ಸೇವ್ ಮಾಡಬೇಕು. ಅದಕ್ಕಿಂತ ಸುಲಭದ ದಾರಿ, ಫೋಟೋ ತೆಗೆಯುವ ಮುಂಚೆಯೇ ನಂಬರಿನ ಮೇಲೆ ಕಾಗದದ ತುಂಡು ಇಡುವುದು. ಸದಸ್ಯೆಯ ಮುಖದ ಪಕ್ಕ ಅವರ ಸಾಲದ ಬಾಕಿ ಹಾಕುವುದಂತೂ ಬೇಡವೇ ಬೇಡ.

ಅಕ್ಷರ ಹಾಕಲೇಬೇಕಾದಲ್ಲಿ ಹಿಂದಿನ ಬೆಂಚಿಗೂ ಕಾಣುವಷ್ಟು ದೊಡ್ಡದಿರಲಿ. ಸಾಲುಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಅದಕ್ಕೆಂದು ಬೇರೆ ಕೀಲಿಮಣೆ ಕಲಿಯಬೇಕಿಲ್ಲ, ನುಡಿಯದೇ ಸಾಕು. (ಅದಕ್ಕೆ ಆಧಾರವಾದ ವಿನ್ಯಾಸ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ. ಪಿ. ರಾವ್ ಅವರದು.) ಎಲ್ಲ ಮುಗಿದ ಮೇಲೆ ಪಿಡಿಎಫ್ ಆಗಿಯೂ ಒಂದು ಪ್ರತಿ ಉಳಿಸಿ, ಪೆನ್‌ಡ್ರೈವಿನಲ್ಲಿ ಎರಡನ್ನೂ ಒಯ್ಯಿರಿ. ಪಿಡಿಎಫ್‌ನಲ್ಲಿ ಫಾಂಟ್ ಕೆಡುವುದಿಲ್ಲ, ಹಾರುವ ಅಕ್ಷರವೂ ನಿಲ್ತದೆ.